ಕಾಂಟಾ ಚೌಕಕ್ಕೆ ನಾನು ಹಾಕಿಸಿದ ಬೀಗ

ನಾಲ್ಕು ವರ್ಷಗಳ ಹಿಂದಿನ ಮಾತು. ಆಗ ನಾನು ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ನಗರ ಯೋಜಕಿಯಾಗಿದ್ದೆ. ನಿವೃತ್ತಿಗೆ ಇನ್ನೂ ಒಂದೂವರೆ ವರ್ಷ ಬಾಕಿಯಿತ್ತು. ಮನೆ ಧಾರವಾಡದ ಕೆಲಗೇರಿಯಲ್ಲಿ. ಬೆಳಿಗ್ಗೆ ಬಸ್ ಹಿಡಿದು ಹುಬ್ಬಳ್ಳಿಗೆ ಹೋಗಿ ಸಂಜೆ ಮರಳುವುದು ನನ್ನ ನೌಕರಿಯ ಉದ್ದಕ್ಕೂ ನಡೆದುಬಂದ ಪರಿಪಾಠ. ಲೇಔಟ್ ನಕ್ಷೆಗಳನ್ನು ತಪಾಸಣೆ ಮಾಡುವುದು, ರಸ್ತೆ ಅಗಲದ ಬಗ್ಗೆ ಟಿಪ್ಪಣಿ ಬರೆಯುವುದು, ಸಭೆಗಳಲ್ಲಿ ಕೂರುವುದು, ಹೆಚ್ಚಾಗಿ ಇಂಥ ಕೆಲಸವನ್ನೇ ಮಾಡಿದವಳು ನಾನು. ನಾನು ಕಾಗದದ ಮೇಲೆ ಎಳೆದ ಗೆರೆಯ ಒಳಗೆ ಜನ ನಿಜವಾಗಿ ಬಂದು ಕೂತದ್ದನ್ನು ನೋಡಿದ್ದು ಒಂದೇ ಸಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಜಾಗದ ಹೆಸರನ್ನೂ ಜನರ ಹೆಸರನ್ನೂ ಬದಲಿಸಿದ್ದೇನೆ.

ಆ ಜಾಗವನ್ನು ಕಾಂಟಾ ಚೌಕ ಎಂದುಕೊಳ್ಳಿ. ಹಿಂದೆ ಚಕ್ಕಡಿಗಳಲ್ಲಿ ಬಂದ ಕಾಳು ತೂಗುವ ದೊಡ್ಡ ತಕ್ಕಡಿ ಅಲ್ಲಿತ್ತಂತೆ. ನಾಲ್ಕು ಓಣಿಗಳು ಬಂದು ಕೂಡುವ ಬಯಲು. ಸುತ್ತಲೂ ಕೆಳಗೆ ಅಂಗಡಿ, ಮೇಲೆ ಮನೆ. ನಾನು ನೋಡುವ ಹೊತ್ತಿಗೆ ಅದು ಚೌಕವಾಗಿ ಉಳಿದಿರಲಿಲ್ಲ. ಬೈಕು, ಟೆಂಪೊ, ಆಟೊಗಳು ಒಂದಕ್ಕೊಂದು ಒತ್ತಿ ನಿಲ್ಲುವ ದೊಡ್ಡಿಯಾಗಿತ್ತು. ಮೇಲಿನ ಮನೆಗಳ ವಯಸ್ಸಾದವರು ಕೆಳಗಿಳಿದರೆ ಕಾಲಿಡಲು ಜಾಗವಿರಲಿಲ್ಲ. ಒಂದೊಂದೇ ಸಂಸಾರ ಗೋಕುಲ ರಸ್ತೆಯ ಕಡೆಗೆ ಮನೆ ಮಾಡಿಕೊಂಡು ಹೋಗುತ್ತಿತ್ತು. ಖಾಲಿಯಾದ ಮನೆ ಗೋದಾಮಾಗುತ್ತಿತ್ತು.

ಒಂದು ವಾರ ನಾನು ನೋಟ್‌ಬುಕ್ ಹಿಡಿದು ಆ ಚೌಕ ಸುತ್ತಿದೆ. ಒಂದು ಮನೆ ನಡೆಯಲು ದಿನನಿತ್ಯ ಏನೇನು ಬೇಕೋ ಅದರಲ್ಲಿ ಎಷ್ಟು ಅಲ್ಲಿ ನಡೆದು ಹೋಗುವಷ್ಟು ದೂರದಲ್ಲಿ ಸಿಗುತ್ತದೆ ಎಂದು ಬರೆದುಕೊಂಡೆ. ಹಿಟ್ಟಿನ ಗಿರಣಿ ಇತ್ತು, ಔಷಧಿ ಅಂಗಡಿ ಇತ್ತು, ಕಿರಾಣಿ ಇತ್ತು, ಸ್ಟೌ–ಕುಕ್ಕರ್ ರಿಪೇರಿ ಇತ್ತು, ಶಾಲೆಯ ಯೂನಿಫಾರ್ಮ್ ಹೊಲಿಯುವವರಿದ್ದರು. ಚಪ್ಪಲಿ ಹೊಲಿಯುವವನೂ ಛತ್ರಿ ರಿಪೇರಿಯವನೂ ಇತ್ತೀಚೆಗೆ ಎದ್ದು ಹೋಗಿದ್ದರು. ಅವರು ಕೂರುತ್ತಿದ್ದ ಜಾಗದಲ್ಲಿ ಬೈಕುಗಳಿದ್ದವು. ಉಳಿದ ಈ ಉಪಯೋಗದ ಅಂಗಡಿಗಳೂ ಹೋದರೆ ಪೇಟೆಯ ನಡುವೆ ಯಾರೂ ವಾಸಿಸುವುದಿಲ್ಲ, ಬರೀ ವ್ಯಾಪಾರ ಮುಗಿಸಿ ಹೋಗುತ್ತಾರೆ ಎಂಬುದು ನನ್ನ ಟಿಪ್ಪಣಿಯ ಸಾರ. ಹದಿನೈದು ದಿನ ವಾಹನಗಳನ್ನು ಹೊರಗಿಟ್ಟು ನೋಡೋಣ ಎಂದು ಸೂಚಿಸಿದೆ. ನಮ್ಮ ಕಚೇರಿಯ ಭಾಷೆಯಲ್ಲಿ ಇದಕ್ಕೆ ಟ್ರಯಲ್ ಕ್ಲೋಷರ್ ಎನ್ನುತ್ತಾರೆ. ಶಾಶ್ವತವಾಗಿ ಏನನ್ನೂ ಕಟ್ಟದೆ, ಕುಂಡ–ಬೆಂಚುಗಳನ್ನಿಟ್ಟು, ಜಾಗ ಹೇಗೆ ನಡೆಯುತ್ತದೆಂದು ಪರೀಕ್ಷಿಸುವುದು. ಮಂಜೂರಾಗಲಾರದು ಅಂದುಕೊಂಡಿದ್ದೆ. ಮಂಜೂರಾಯಿತು.

ಅಂಗಡಿಯವರ ಸಭೆಯನ್ನು ದಸ್ತಗೀರಸಾಬರ ಅಂಗಡಿಯ ಮುಂದೆಯೇ ಸೇರಿಸಿದೆವು. ಸ್ಟೌ–ಕುಕ್ಕರ್ ರಿಪೇರಿ ಅವರದು. ಅರವತ್ತು ದಾಟಿದ್ದರು. ಚೌಕದಲ್ಲಿ ಅವರ ಮಾತಿಗೆ ತೂಕವಿತ್ತು. ಅವರು ಎದ್ದು ನಿಂತು ನೇರವಾಗಿ ಕೇಳಿದರು:

“ಮೇಡಂ, ಕೈಯಾಗ ಸ್ಟೌ ಹಿಡಕೊಂಡು ಬರೂ ಮಂದಿ ಎಷ್ಟ ದೂರ ನಡೀತಾರ್ರಿ? ಗಾಡಿ ನಿಲ್ಲಸಾಕ ಜಾಗಾ ಇಲ್ಲಂದ್ರ ಬ್ಯಾರೇ ಕಡೆ ಹೋಗ್ತಾರ. ನೀವು ಹದಿನೈದ ದಿನಾ ನೋಡಿ ಹೊಕ್ಕೀರಿ. ಹೋದ ಗಿರಾಕಿ ತಿರುಗಿ ಬರ್ತಾವೇನ್ರಿ?”

ಉತ್ತರ ಕೊಟ್ಟಿದ್ದು ಅವರ ಹೆಂಡತಿ ಜೈತುನಬಿ. ಅದೇ ಅಂಗಡಿಯ ಅರ್ಧದಲ್ಲಿ ಮಷೀನ್ ಇಟ್ಟುಕೊಂಡು ಯೂನಿಫಾರ್ಮ್ ಹೊಲಿಯುತ್ತಿದ್ದರು. ಮಷೀನಿನಿಂದ ಕಣ್ಣು ತೆಗೆಯದೆಯೇ ಅಂದರು:

“ಈಗ ಎಲ್ಲಿ ನಿಂದ್ರತಾವರಿ ಗಾಡಿ? ನಮ್ಮ ಬಾಗಲಕ್ಕನ ಹಚ್ಚಿ ನಿಂದ್ರಸ್ತಾರ. ಇಲ್ಲೆ ಕುಂತ್ರ ಹೊಗಿ ಬಿಟ್ರ ಮತ್ತೇನ ಬರೂದಿಲ್ಲ. ಹದಿನೈದ ದಿನಾ ನೋಡೂಣು. ಛಲೋ ಅನಿಸಲಿಲ್ಲಂದ್ರ ಕಿತ್ತ ಒಗದ್ರಾತು.”

ಜನ ನಕ್ಕರು. ದಸ್ತಗೀರಸಾಬರು ನಗಲಿಲ್ಲ, ಆದರೆ ಮತ್ತೆ ವಿರೋಧಿಸಲೂ ಇಲ್ಲ. ಟ್ರಯಲ್‌ಗೆ ಒಪ್ಪಿಗೆ ಸಿಕ್ಕಿದ್ದು ಆ ಹೆಂಗಸಿನಿಂದ. ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ಆದದ್ದು ಆಕೆಗೇ.

ಮೂರು ಓಣಿಗಳ ಬಾಯಿಗೆ ಕಾಂಕ್ರೀಟಿನ ದೊಡ್ಡ ಕುಂಡಗಳನ್ನಿಟ್ಟೆವು. ನಾಲ್ಕನೆಯ ಓಣಿ ಅಗಲವಾಗಿತ್ತು. ಅಲ್ಲಿ ಮೂರು ಕಬ್ಬಿಣದ ಕಂಬ ನೆಟ್ಟೆವು. ಇವಕ್ಕೆ ಬೊಲ್ಲಾರ್ಡ್ ಅನ್ನುತ್ತಾರೆ. ಸೊಂಟದೆತ್ತರದ ಗಿಡ್ಡ ಕಂಬಗಳು; ನೆಲದ ಕೊಳವೆಯೊಳಗೆ ಇಳಿಸಿರುತ್ತಾರೆ, ಬೇಕಾದಾಗ ಎತ್ತಿ ತೆಗೆಯಬಹುದು. ಆಂಬುಲೆನ್ಸ್, ಅಗ್ನಿಶಾಮಕ ವಾಹನ ಬಂದರೆ ಈ ದಾರಿಯಿಂದ ಒಳಗೆ ಬರಬೇಕು. ನಕ್ಷೆಯ ಅಂಚಿನಲ್ಲಿ ನಾನೇ ಕೈಯಾರೆ ಬರೆದಿದ್ದೆ: ಕಂಬಗಳನ್ನು ಬೀಗವಿಲ್ಲದೆ ಎತ್ತುವಂತಿರಬೇಕು.

ಬೀಗವಿಲ್ಲದ ಕಂಬಗಳನ್ನು ಮೊದಲ ದಿನವೇ ಬೈಕಿನವರು ಎತ್ತಿ ಬದಿಗಿಟ್ಟು ಒಳಗೆ ಬಂದರು. ಕಾವಲಿಗೆ ಹನಮಂತಪ್ಪ ಎಂಬುವರಿದ್ದರು. ಗುತ್ತಿಗೆಯ ಮೇಲೆ ಬಂದವರು, ನನಗಿಂತ ಹಿರಿಯರು. ಅವರ ಮಾತನ್ನು ಯಾರೂ ಕೇಳಲಿಲ್ಲ. ಎರಡನೆಯ ದಿನ ಒಂದು ಟೆಂಪೊ ಒಳನುಗ್ಗಿ ಬೆಂಚಿಗೆ ಹಾಯಿತು. ಆ ಬೆಂಚಿನಿಂದ ಒಬ್ಬ ಮುದುಕಿ ಆಗಷ್ಟೇ ಎದ್ದಿದ್ದಳು. ಹನಮಂತಪ್ಪ ಗಾಬರಿಯಿಂದ ಫೋನ್ ಮಾಡಿದರು. ನನಗೂ ಗಾಬರಿ. ಯಾರಿಗಾದರೂ ಪೆಟ್ಟಾದರೆ ಅಲ್ಲಿಗೆ ಎಲ್ಲ ಮುಗಿಯಿತು ಅನ್ನಿಸಿತು. ಫೋನಿನಲ್ಲೇ ಹೇಳಿಬಿಟ್ಟೆ:

“ಕೀಲಿ ಹಾಕಿಬಿಡ್ರಿ. ಕೀಲಿಕೈ ನಿಮ್ಮ ಹತ್ರನ ಇರಲಿ.”

ಕಂಬಗಳಿಗೆ ಬೀಗ ಬಿತ್ತು. ಅದರ ಇನ್ನೊಂದು ಕೀಲಿಕೈಯನ್ನು ತರಿಸಿಕೊಂಡು ನನ್ನ ಕಚೇರಿಯ ಡ್ರಾಯರಿನಲ್ಲಿಟ್ಟುಕೊಂಡೆ. ಕಡತದಲ್ಲಿ ಇದನ್ನು ಬರೆಯಲಿಲ್ಲ. ಬರೆದಿದ್ದರೆ ನಾನೇ ಹಾಕಿದ ಷರತ್ತು ಕಣ್ಣಿಗೆ ಬೀಳುತ್ತಿತ್ತೇನೋ.

ಮೂರನೆಯ, ನಾಲ್ಕನೆಯ ದಿನಗಳು ನನ್ನ ನೌಕರಿಯ ಅತಿ ಸಂತೋಷದ ದಿನಗಳು. ಹೊಗೆ ಇಲ್ಲ, ಹಾರ್ನ್ ಇಲ್ಲ. ಮೇಲಿನ ಮನೆಗಳಿಂದ ಜನ ಕುರ್ಚಿ ತಂದು ಕೂತರು. ಗಿರಣಿಗೆ ಬಂದ ಹೆಂಗಸರು ಹಿಟ್ಟಾಗುವವರೆಗೆ ಬೆಂಚಿನ ಮೇಲೆ ಕೂತು ಮೆಂತ್ಯ ಸೋಸಿದರು. ಜೈತುನಬಿ ಮಷೀನನ್ನು ಹೊರಗೆ ನೆರಳಿಗೆ ಎಳೆಸಿಕೊಂಡರು. ದಸ್ತಗೀರಸಾಬರು ನನ್ನನ್ನು ಕರೆದು ಚಹಾ ಕೊಟ್ಟು, “ಗಿರಾಕಿ ಕಡಿಮಿ ಆಗಿಲ್ಲರಿ. ಆದ್ರ ಇನ್ನೂ ಹನ್ನೊಂದ ದಿನಾ ಅದಾವ,” ಅಂದರು. ಅವರ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು.

ನಾನು ಚೌಕದ ಒಳಗಷ್ಟೇ ನೋಡುತ್ತಿದ್ದೆ. ಹೊರಗೆ ಹಾಕಿದ ಗಾಡಿಗಳು ಎಲ್ಲಿ ಹೋದವೆಂದು ನೋಡಲಿಲ್ಲ. ಅವು ನಾಲ್ಕೂ ಓಣಿಗಳಲ್ಲಿ, ಕುಂಡಗಳಿಗೂ ಕಂಬಗಳಿಗೂ ಒತ್ತಿ ನಿಂತಿದ್ದವು.

ಐದನೆಯ ದಿನ ಧಾರವಾಡದಲ್ಲಿ ಪ್ರಗತಿ ಪರಿಶೀಲನೆಯ ಸಭೆ. ಫೋನನ್ನು ಸೈಲೆಂಟ್ ಮಾಡಿದ್ದೆ. ಮಧ್ಯಾಹ್ನ ಹೊರಬಂದು ನೋಡಿದರೆ ಹನಮಂತಪ್ಪನವರ ಏಳು ಮಿಸ್ಡ್ ಕಾಲ್. ದಸ್ತಗೀರಸಾಬರದೂ ಒಂದು. ಹನಮಂತಪ್ಪನವರಿಗೆ ಹಚ್ಚಿದೆ.

“ಮೇಡಂ, ನಾ ಉಣ್ಣಾಕ ಮನಿಗೆ ಹೋಗಿದ್ದೆರಿ. ಅರ್ಧಾ ತಾಸಿನ್ಯಾಗ ಬಂದೇನಿ. ಅಷ್ಟರಾಗ ಆಗಬಾರದ್ದು ಆಗಿಬಿಟ್ಟೈತ್ರಿ.”

ಜೈತುನಬಿ ಮಷೀನಿನ ಮುಂದೆಯೇ ಒಂದು ಕಡೆಗೆ ವಾಲಿ ಬಿದ್ದಿದ್ದರು. ಬಾಯಿ ಸೊಟ್ಟಗಾಗಿತ್ತು. ಆಂಬುಲೆನ್ಸ್ ಬೇಗನೇ ಬಂತು, ಆದರೆ ಬಂದದ್ದು ಕುಂಡಗಳಿದ್ದ ಓಣಿಗೆ. ಅಲ್ಲಿ ಬೈಕುಗಳ ನಡುವೆ ಸ್ಟ್ರೆಚರ್ ತೂರಿಸಲೂ ಜಾಗವಿರಲಿಲ್ಲ. ಹಿಂದಕ್ಕೆ ಸರಿದು, ಒನ್‌ವೇ ಸುತ್ತಿ ನಾಲ್ಕನೆಯ ಓಣಿಗೆ ಬರುವಷ್ಟರಲ್ಲಿ ಸಾಕಷ್ಟು ಹೊತ್ತಾಯಿತು. ಅಲ್ಲಿ ಬೀಗ. ಕಂಬಗಳಿಗೆ ತಾಗಿ ಮತ್ತೆ ಬೈಕುಗಳು. ದಸ್ತಗೀರಸಾಬರು ಹೆಂಡತಿಯನ್ನು ಅಕ್ಕಪಕ್ಕದವರ ಕೈಗೆ ಬಿಟ್ಟು, ಅಂಗಡಿಯಿಂದ ಸುತ್ತಿಗೆ ತಂದು ಬೀಗ ಒಡೆಯಲು ನಿಂತರಂತೆ. ಅದು ಒಡೆಯಲಿಲ್ಲ. ಕೊನೆಗೆ ನಾಲ್ಕಾರು ಜನ ಸೇರಿ ಆಕೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಬೈಕುಗಳ ಮೇಲಿಂದ ಎತ್ತಿ ದಾಟಿಸಿದರು. ಎಲ್ಲ ಸೇರಿ ಇಪ್ಪತ್ತು ನಿಮಿಷ ತಡವಾಗಿತ್ತು.

ಕಚೇರಿಯ ಜೀಪಿನಲ್ಲಿ ಹುಬ್ಬಳ್ಳಿಗೆ ಹೊರಟೆ. ದಿನಾ ಓಡಾಡುವ ಆ ದಾರಿ ಅಂದು ಮುಗಿಯಲೇ ಇಲ್ಲ. ನಡುದಾರಿಯಲ್ಲಿ ನನ್ನ ಮೇಲಧಿಕಾರಿಯ ಫೋನ್ ಬಂತು. ಅವರಿಗೆ ವಿಷಯ ತಲುಪಿತ್ತು.

“ನಕ್ಷೆಯೊಳಗ ಬೀಗದ ಮಾತಿಲ್ಲಲ್ಲ? ಹಂಗಾದ್ರ ಕಾವಲುಗಾರ ತಾನ ಹಾಕ್ಯಾನ, ಜಾಗಾ ಬಿಟ್ಟೂ ಹೋಗ್ಯಾನ. ಯಾರ ಕೇಳಿದ್ರೂ ಇಷ್ಟ ಹೇಳ್ರಿ. ಹೆಚ್ಚಿಗಿ ಮಾತಾಡಬ್ಯಾಡ್ರಿ.”

ನಾನು ಹೂಂ ಅಂದೆನೋ ಇಲ್ಲವೋ ನೆನಪಿಲ್ಲ. ಅಲ್ಲ ಅನ್ನಲಿಲ್ಲ, ಅದು ನೆನಪಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಸ್ಟ್ರೋಕ್ ಎಂದರು. ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದನ್ನು ಕರಗಿಸುವ ಇಂಜೆಕ್ಷನ್ ಕೊಟ್ಟಿದ್ದೇವೆ, ಅದಕ್ಕೆ ಇರುವ ಸಮಯದೊಳಗೇ ಬಂದಿದ್ದಾರೆ, ಕಾದು ನೋಡಬೇಕು ಎಂದು ವಿವರಿಸಿದರು. ಇಪ್ಪತ್ತು ನಿಮಿಷ ಮೊದಲೇ ಬಂದಿದ್ದರೆ, ಎಂದು ಕೇಳಿದೆ. “ಇಂಥಾದ್ರಾಗ ಎಷ್ಟು ಲಗೂ ಬಂದ್ರ ಅಷ್ಟು ಛಲೋ. ಆದ್ರ ಇವರಿಗೆ ಆ ಇಪ್ಪತ್ತು ನಿಮಿಷದಿಂದ ಏನು ಫರಕಾತು ಅಂತ ಯಾರೂ ಹೇಳಾಕ ಬರೂದಿಲ್ಲ,” ಅಂದು ಒಳಗೆ ಹೋದರು.

ದಸ್ತಗೀರಸಾಬರು ಗೋಡೆಗೆ ಒರಗಿ ನಿಂತಿದ್ದರು. ಸುತ್ತಿಗೆ ಹಿಡಿದಿದ್ದ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ನನ್ನನ್ನು ನೋಡಿ ಒಂದೇ ಮಾತು ಕೇಳಿದರು: “ಕೀಲಿ ಹಾಕಂತ ಯಾರ ಹೇಳಿದ್ರರಿ?”

“ವಿಚಾರಣೆ ಮಾಡ್ತೀವ್ರಿ,” ಅಂದೆ.

ನೌಕರಿಯಲ್ಲಿ ನಾನು ಹೇಳಿದ ಸುಳ್ಳುಗಳಲ್ಲಿ ಅತಿ ಚಿಕ್ಕದು ಅದೇ ಇರಬೇಕು. ಇವತ್ತಿಗೂ ಮರೆಯಲಾಗದ್ದು ಅದೊಂದೇ. ಅವರು ಮುಖ ತಿರುಗಿಸಿಕೊಂಡರು.

ಮರುದಿನ ಬೆಳಿಗ್ಗೆ ವರದಿಯ ಕರಡು ನನ್ನ ಮೇಜಿನ ಮೇಲಿತ್ತು. ನನ್ನ ಸಹಿಗೆ ಜಾಗ ಬಿಟ್ಟು ಟೈಪ್ ಮಾಡಿಸಿದ್ದರು. ಕಾವಲುಗಾರನ ಕರ್ತವ್ಯಲೋಪ, ಕೆಲಸದಿಂದ ಬಿಡುಗಡೆ, ಟ್ರಯಲ್ ರದ್ದು. ಒಂದೂ ವಾಕ್ಯ ಪೂರ್ತಿ ಸುಳ್ಳಲ್ಲ. ಹನಮಂತಪ್ಪ ಜಾಗ ಬಿಟ್ಟು ಹೋಗಿದ್ದು ನಿಜ. ಬೀಗ ಅವರ ಕೈಯಿಂದಲೇ ಬಿದ್ದದ್ದೂ ನಿಜ. ನಾನು ಪೆನ್ನು ತೆಗೆದುಕೊಂಡೆ, ಇಟ್ಟೆ. ಒಂದೂವರೆ ವರ್ಷ, ಪೆನ್ಶನ್, ವಿಚಾರಣೆ, ಪೇಪರಿನಲ್ಲಿ ಹೆಸರು, ಎಲ್ಲವೂ ತಲೆಯಲ್ಲಿ ಸುತ್ತಿದವು. ಜೈತುನಬಿಗೆ ಏನಾದರೂ ಆದರೆ ಎಂಬ ಭಯ ಅವೆಲ್ಲದರ ಕೆಳಗೆ ಕೂತಿತ್ತು.

ಹನ್ನೊಂದರ ಸುಮಾರಿಗೆ ಹನಮಂತಪ್ಪ ಬಂದರು. ಬಾಗಿಲಲ್ಲೇ ನಿಂತರು. ಕೂರಿ ಅಂದರೂ ಕೂರಲಿಲ್ಲ. ದನಿ ತಗ್ಗಿಸಿ ಹೇಳಿದರು: “ಮೇಡಂ, ನೀವು ಫೋನಿನ್ಯಾಗ ಹೇಳಿದ್ದ ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲರಿ. ಬಿಡೂದೂ ಇಲ್ಲ. ನಂದೇನ ಐತ್ರಿ, ಇಲ್ಲೆ ಅಲ್ಲಂದ್ರ ಇನ್ನೊಂದ ಕಡೆ ಕಾವಲ ಕಾಯ್ತೇನಿ. ನಿಮ್ಮದು ದೊಡ್ಡ ನೌಕರಿ.”

ಅವರು ನನ್ನನ್ನು ಕಾಪಾಡಲು ಬಂದಿದ್ದರು. ಹೆದರಿಸಲು ಬಂದಿದ್ದರೆ ಬಹುಶಃ ನಾನು ಸಹಿ ಮಾಡಿಬಿಡುತ್ತಿದ್ದೆ.

ಟೈಪ್ ಮಾಡಿದ ಹಾಳೆಗಳನ್ನು ಬದಿಗಿಟ್ಟು ಕೈಬರಹದಲ್ಲಿ ಒಂದು ಪುಟ ಬರೆದೆ. ಬೀಗ ಹಾಕಲು ಬಾಯಿಮಾತಿನಲ್ಲಿ ಆದೇಶ ಕೊಟ್ಟವಳು ನಾನು. ನಕ್ಷೆಯ ಷರತ್ತು ಮುರಿದವಳೂ ನಾನೇ. ಒಬ್ಬನೇ ಕಾವಲುಗಾರ ಇಡೀ ದಿನ ಊಟ ಬಿಟ್ಟು ನಿಲ್ಲಬೇಕೆಂದು ಎಣಿಸಿದ್ದು ನನ್ನ ತಪ್ಪು. ಹೊರಹಾಕಿದ ವಾಹನಗಳಿಗೆ ಜಾಗ ತೋರಿಸದೆ ಚೌಕ ಮುಚ್ಚಿಸಿದ್ದೂ ನನ್ನ ತಪ್ಪು. ಮೇಲಧಿಕಾರಿ ಓದಿ ಕನ್ನಡಕ ತೆಗೆದರು.

“ಇದನ್ನ ಕೊಟ್ರ ಚೌಕ ಕಾಯಂ ಹೋಗ್ತದ, ನೀವೂ ಹೋಗ್ತೀರಿ. ತಿಳದೈತಲ್ಲ?”

“ತಿಳದೈತ್ರಿ,” ಅಂದೆ. ಧೈರ್ಯ ಬಂದು ಹೀಗೆ ಮಾಡಿದೆನೆಂದು ಯಾರೂ ತಿಳಿಯಬಾರದು. ಆಮೇಲಿನ ಮೂರು ವಾರ ನನಗೆ ಅನ್ನ ಸೇರಲಿಲ್ಲ.

ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆ. ಜೈತುನಬಿಗೆ ಎಚ್ಚರವಿತ್ತು, ಬಲಗೈ ಏಳುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ದಸ್ತಗೀರಸಾಬರನ್ನು ಹೊರಗೆ ಕರೆದು ಹೇಳಿದೆ: “ನಿನ್ನೆ ನೀವು ಕೇಳಿದ್ರಿ. ಕೀಲಿ ಹಾಕಂತ ಹೇಳಿದಾಕಿ ನಾನರಿ. ನಿನ್ನೆ ಹೇಳೂ ಧೈರ್ಯ ಆಗಲಿಲ್ಲ.”

“ನಂಗ ನಿನ್ನೇನ ಗೊತ್ತಾಗಿತ್ತರಿ,” ಅವರು ಅಂದರು. “ಈಗ ಹೋಗ್ರಿ ಮೇಡಂ. ನಿಮ್ಮ ಮಾರಿ ನೋಡೂ ಶಕ್ತಿ ನಂಗಿಲ್ಲ.”

ಟ್ರಯಲ್ ನಿಂತಿತು. ಕುಂಡಗಳನ್ನು ಬದಿಗೆ ಸರಿಸಿದರು. ಅದೇ ಸಂಜೆ ಬೈಕುಗಳು ಚೌಕಕ್ಕೆ ಮರಳಿದವು. ನನಗೆ ನೋಟಿಸು ಬಂತು, ಉತ್ತರ ಕೊಟ್ಟೆ. ಕಡೆಗೆ ಸೇವಾ ಪುಸ್ತಕದಲ್ಲಿ ಎಚ್ಚರಿಕೆ ದಾಖಲಿಸಿ ಬಿಟ್ಟರು. ಹನಮಂತಪ್ಪನವರ ಕೆಲಸ ಉಳಿಯಿತು. ಚೌಕದ ಕಡತವನ್ನು ಮುಕ್ತಾಯಗೊಳಿಸುವ ಮೊದಲು ಅಂಗಡಿಯವರ ಅಭಿಪ್ರಾಯ ಕೇಳಬೇಕೆಂಬ ನಿಯಮವಿತ್ತು. ಎರಡು ತಿಂಗಳ ನಂತರ ಆ ಸಭೆ ನಡೆಯಿತು. ನನಗೆ ಹೋಗಲು ಮನಸ್ಸಿರಲಿಲ್ಲ. ಹೋಗದಿರಲು ಕಾರಣವೂ ಇರಲಿಲ್ಲ.

ಜೈತುನಬಿ ಮನೆಗೆ ಮರಳಿದ್ದರು. ಅಂಗಡಿಯ ಮೇಲಿನ ಮನೆಯ ಕಿಟಕಿಯಲ್ಲಿ ಕೂತು ಕೆಳಗೆ ನೋಡುತ್ತಿದ್ದರು. ಸಭೆಯಲ್ಲಿ ಎಲ್ಲರ ಕಣ್ಣೂ ದಸ್ತಗೀರಸಾಬರ ಮೇಲಿತ್ತು. ಅವರು ಎದ್ದರು.

“ನಮ್ಮ ಮನ್ಯಾಕಿಗೆ ಹಿಂಗಾತು ಅಂತ ಟ್ರಯಲ್ ಬಂದ್ ಮಾಡ್ಯಾರ. ನಿನ್ನೆ ಆಕೀನ್ನ ದವಾಖಾನಿಗೆ ಕರಕೊಂಡ ಹೊಂಟಿದ್ದೆ. ಈಗ ಚೌಕ ಗಾಡಿಗೆ ಖುಲ್ಲಾ ಐತಲ್ಲ? ಆಟೊ ಬಾಗಲಿಗೆ ಬರಲಿಲ್ಲ, ಬೈಕ್ ನಿಂತಿದ್ದೂವು. ಮತ್ತ ಎತಗೊಂಡ ಹೋದೇನಿ. ಹಂಗಾದ್ರ ಏನ ಫರಕಾತು?” ಆಮೇಲೆ ನನ್ನ ಕಡೆ ತಿರುಗಿದರು. “ನಿಮಗ ಮಾಫಿ ಮಾಡೇನಿ ಅಂತ ತಿಳಕೋಬ್ಯಾಡ್ರಿ ಮೇಡಂ. ಅದು ಬ್ಯಾರೇ ಮಾತು. ಚೌಕ ಮಾಡ್ರಿ, ಆದ್ರ ಮೊದಲ ಆಂಬುಲೆನ್ಸ್ ದಾರಿ ಬಿಡ್ರಿ. ಆಮ್ಯಾಲೆ ಉಳದ ಜಾಗಾದಾಗ ನಿಮ್ಮ ಬೆಂಚು, ಕುಂಡಾ ಏನರ ಇಡ್ರಿ. ಕೀಲಿ ಮಾತ್ರ ಎಲ್ಲೂ ಬ್ಯಾಡ.”

“ಕೀಲಿ ಇಲ್ಲಂದ್ರ ಬೈಕ್ ಬರ್ತಾವಲ್ಲ ಕಾಕಾ?” ಎಂದು ಗಿರಣಿಯವನು ಕೇಳಿದ.

“ಗಾಡಿಗೆ ಮೊದಲ ಬ್ಯಾರೇ ಜಾಗಾ ಕೊಡ್ಲಿ. ಆಮ್ಯಾಲೆ ಬಂದ್ರ ನಾವ ಅದೇವಲ್ಲ, ತಿರುಗಿಸಿ ಕಳಸೂಣು.”

ಅಂಗಡಿಯವರ ಒಪ್ಪಿಗೆ ದಾಖಲಾಗಿ ಕಡತ ಮುಚ್ಚಲಿಲ್ಲ, ಕೆಲಸ ನನಗೇ ಬಂತು. ಈ ಸಲ ನಕ್ಷೆಯನ್ನು ಕಚೇರಿಯಲ್ಲಿ ಬರೆಯಲಿಲ್ಲ. ಸುಣ್ಣದ ಪುಡಿ ಹಿಡಿದು ಚೌಕದಲ್ಲೇ ಗೆರೆ ಹಾಕಿದೆವು. ಅಗ್ನಿಶಾಮಕ ವಾಹನವನ್ನೇ ಕರೆಸಿ ಒಂದು ಓಣಿಯಿಂದ ಒಳಗೆ ತಂದು ಇನ್ನೊಂದರಿಂದ ಹೊರಗೆ ಬಿಟ್ಟು, ಅದರ ಗಾಲಿ ಹೋದಲ್ಲೆಲ್ಲ ಹಳದಿ ಪಟ್ಟಿ ಬಳಿಸಿದೆವು. ಆ ಪಟ್ಟಿಗಳ ನಡುವೆ ಏನೂ ಇಡುವಂತಿಲ್ಲ. ಎರಡು ಓಣಿ ಹಿಂದಿನ ಒಂದು ಪಾಳು ಗೋದಾಮಿನ ಅಂಗಳವನ್ನು ವಾಹನ ನಿಲುಗಡೆಗೆ ತೆಗೆದುಕೊಟ್ಟೆವು. ಅದಕ್ಕೇ ಐದು ತಿಂಗಳು ಓಡಾಡಬೇಕಾಯಿತು. ಕಬ್ಬಿಣದ ಕಂಬಗಳ ಬದಲು, ವಾಹನ ತಾಗಿದರೆ ಮಲಗಿ ಮತ್ತೆ ಏಳುವ ರಬ್ಬರ್ ಕಂಬಗಳು ಬಂದವು. ಕಾವಲಿಗೆ ಇಬ್ಬರು, ಪಾಳಿಯ ಮೇಲೆ.

ಚೌಕ ಈಗ ಇದೆ. ಸ್ವರ್ಗವೇನಲ್ಲ. ಸಂಜೆ ಹೊತ್ತು ನಾಲ್ಕಾರು ಬೈಕು ನುಸುಳುತ್ತವೆ, ಬೈಗುಳ ತಿಂದು ಹೊರಗೆ ಹೋಗುತ್ತವೆ. ಇಬ್ಬರು ಅಂಗಡಿಕಾರರು ವ್ಯಾಪಾರ ಸಾಲದೆಂದು ಬಿಟ್ಟು ಹೋದರು. ಚಪ್ಪಲಿ ಹೊಲಿಯುವವನು ಮರಳಿ ಬಂದ. ಛತ್ರಿಯವನು ಬರಲಿಲ್ಲ. ಮೇಲಿನ ಮನೆಗಳು ಖಾಲಿಯಾಗುವುದು ಸದ್ಯಕ್ಕೆ ನಿಂತಿದೆ.

ನಿವೃತ್ತಿಯಾದ ಮೇಲೆ ಒಂದು ಮಧ್ಯಾಹ್ನ ಅಲ್ಲಿಗೆ ಹೋಗಿದ್ದೆ. ಜೈತುನಬಿ ಬೆಂಚಿನ ಮೇಲೆ ಕೂತಿದ್ದರು. ಹೊಲಿಗೆ ನಿಂತಿದೆ. ಬೇರೆಯವರು ಹೊಲಿದ ಯೂನಿಫಾರ್ಮ್‌ಗಳನ್ನು ತೊಡೆಯ ಮೇಲೆ ಹರಡಿಕೊಂಡು ಎಡಗೈಯಿಂದ ಹೊಲಿಗೆ ಎಳೆದು ನೋಡಿ, ಸರಿಯಿಲ್ಲದ್ದನ್ನು ವಾಪಸ್ ಕಳಿಸುತ್ತಾರೆ. ಪಕ್ಕದಲ್ಲಿ ಕೂತೆ. ಇಷ್ಟು ದಿನ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟೆ: “ಆವತ್ತ ಕೀಲಿ ಇರದಿದ್ರ ನಿಮ್ಮ ಕೈ ಉಳೀತಿತ್ತೇನ್ರಿ?”

ಅವರು ಒಂದೊಂದೇ ಶಬ್ದ ಹುಡುಕಿ ಹೇಳಿದರು: “ನಾನೂ... ದಿನಾ ಕೇಳಕೋತೇನ್ರಿ. ಉತ್ತರ ಸಿಗೂದಿಲ್ಲ.” ಕೈಯಲ್ಲಿದ್ದ ಯೂನಿಫಾರ್ಮ್ ಬದಿಗಿಟ್ಟು ಅಂದರು: “ನೀವು ಕೇಳಕೊಳ್ಳೂದು... ಬಿಡಬ್ಯಾಡ್ರಿ.”

ಹೊಸದಾಗಿ ಈ ಕೆಲಸಕ್ಕೆ ಬರುವವರು ಕೆಲವೊಮ್ಮೆ ನನ್ನ ಹತ್ತಿರ ನಕ್ಷೆ ತೋರಿಸಲು ಬರುತ್ತಾರೆ. ಗಿಡ, ಬೆಂಚು, ದೀಪ ಎಲ್ಲ ಚಂದವಾಗಿ ಬರೆದಿರುತ್ತಾರೆ. ಇಲ್ಲಿ ಒಬ್ಬರು ಕುಸಿದುಬಿದ್ದರೆ ಅವರನ್ನು ಯಾವ ದಾರಿಯಿಂದ ಹೊರಗೆ ಒಯ್ಯುತ್ತೀರಿ, ಆ ದಾರಿಯನ್ನು ಮುಚ್ಚುವ ಅಧಿಕಾರ ಯಾರಿಗಿದೆ, ಮುಚ್ಚಿದರೆ ಅದು ಯಾರ ಸಹಿಯಿಂದ ಎಂದು ಮೊದಲು ಕೇಳುತ್ತೇನೆ. ಉತ್ತರ ಬರೆದು ತಂದ ಮೇಲೆಯೇ ಉಳಿದದ್ದನ್ನು ನೋಡುತ್ತೇನೆ.